ಕ್ರಿ.ಶ. ಇರಲಿ, ಆದ್ರೆ ಕಲ್ಲಿನ ಮೇಲಿರೋ ವರ್ಷಾನೂ ಬರೀರಿ

ನಮಸ್ಕಾರ, ಕೋಲಾರದಿಂದ ಮಾತಾಡ್ತಿದೀನಿ. ಇತಿಹಾಸದ ಪಾಠದಲ್ಲಿ ಕ್ರಿ.ಶ. ಅಂತ ಇರಬೇಕಾ, ಸಾ.ಶ. (ಸಾಮಾನ್ಯ ಶಕ) ಅಂತ ಇರಬೇಕಾ ಅನ್ನೋ ಜಗಳ ಮುಗಿಯೋ ಹಾಗೆ ಕಾಣಲ್ಲ. ಒಂದು ಧರ್ಮದ ಹೆಸರು ಎಲ್ಲರ ಪುಸ್ತಕದಲ್ಲಿ ಯಾಕೆ ಅಂತ ಕೇಳೋರ ಮಾತಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಆದ್ರೆ ಹೆಸರು ತೆಗೆದ್ರೂ ಲೆಕ್ಕ ಅದೇ ತಾನೇ? 525ರಲ್ಲಿ ಡಯೊನೀಷಿಯಸ್ ಅನ್ನೋ ಸನ್ಯಾಸಿ ಈಸ್ಟರ್ ಹಬ್ಬದ ಪಟ್ಟಿ ಮಾಡುವಾಗ ಏಸು ಹುಟ್ಟಿದ ವರ್ಷದಿಂದ ಎಣಿಸಿದ ಲೆಕ್ಕ ಅದು. ಅದೂ ನಾಲ್ಕೈದು ವರ್ಷ ತಪ್ಪಿದೆ ಅಂತಾರೆ ಬಹುಪಾಲು ವಿದ್ವಾಂಸರು. ಕ್ರಿ.ಶ. ಅಂತಲೇ ಇರಲಿ, ಲೆಕ್ಕ ಎಲ್ಲಿಂದ ಬಂತು ಅನ್ನೋದು ಮಕ್ಕಳಿಗೆ ನೇರವಾಗಿ ಗೊತ್ತಾಗಲಿ.

ನನಗೆ ಸಂಕಟ ಆಗೋದು ಬೇರೆ ವಿಷಯಕ್ಕೆ. ನಮ್ಮ ಸೀಮೆ ತುಂಬ ಶಾಸನಗಳಿವೆ. ಬ್ರಿಟಿಷರ ಕಾಲದಲ್ಲಿ ಬಿ.ಎಲ್. ರೈಸ್ ಹೊರತಂದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದೇ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ, ಹಾಗಾಗಿ ಆ ಕಡೆಯ ಕಲ್ಲುಗಳೂ ಅದರಲ್ಲೇ ಇವೆ. ಕೆರೆ ಏರಿ ಪಕ್ಕದ ಶಾಸನದ ಕಲ್ಲು ನೋಡಿ. ಮೇಲೆ ಸೂರ್ಯ, ಚಂದ್ರ. ಕೆಳಗೆ ಶಕ ವರ್ಷ, ಸಂವತ್ಸರ, ಮಾಸ, ತಿಥಿ. ಚೋಳರ ಕಾಲದ್ದಾದ್ರೆ ಸಾಮಾನ್ಯವಾಗಿ ರಾಜ ಪಟ್ಟಕ್ಕೆ ಬಂದು ಎಷ್ಟನೇ ವರ್ಷ ಅಂತ ಇರುತ್ತೆ. ಪಾಠಕ್ಕೆ ಬರೋ ಹೊತ್ತಿಗೆ ಒಂದು ಇಸವಿ ಬಿಟ್ರೆ ಇನ್ನೇನೂ ಉಳಿದಿರಲ್ಲ.

ಲೆಕ್ಕ ಕಷ್ಟ ಏನಲ್ಲ. ಶಕ ವರ್ಷದ ಎಣಿಕೆ ಶುರುವಾಗೋದು ಕ್ರಿ.ಶ. 78ರಿಂದ. ಬಾದಾಮಿಯಲ್ಲಿ ಒಂದನೇ ಪುಲಕೇಶಿಯ ಶಾಸನ ಶಕ 465. ಅದಕ್ಕೆ 78 ಸೇರಿಸಿ, 543. ಐಹೊಳೆಯದು 556, ಅಂದ್ರೆ 634. ಮಾಘ, ಫಾಲ್ಗುಣ, ಕೆಲವೊಮ್ಮೆ ಪುಷ್ಯ ಆದ್ರೆ 79 ಸೇರಿಸಬೇಕು, ಆಗ ಜನವರಿ ಬಂದಿರುತ್ತೆ, ಯುಗಾದಿ ಬಂದಿರಲ್ಲ. ಆರನೇ ಕ್ಲಾಸಿನ ಮಗು ಮಾಡೋ ಲೆಕ್ಕ ಇದು.

ಇನ್ನೊಂದು ಮಾತು. ಈ ಲೆಕ್ಕಕ್ಕೆ ಹೆಸರು ಕೊಟ್ಟ ಶಕರು ಅನ್ನೋ ಜನಾನೂ ಹೊರಗಿಂದ ಬಂದವರೇ. ಆದ್ರೂ ಇವತ್ತಿಗೂ ಗೃಹಪ್ರವೇಶದಲ್ಲಿ ಪುರೋಹಿತರು ಸಂಕಲ್ಪದಲ್ಲಿ ‘ಶಾಲಿವಾಹನ ಶಕೇ’ ಅಂತಲೇ ಹೇಳ್ತಾರೆ, ಯಾರೂ ತಕರಾರು ತೆಗೆಯಲ್ಲ. ಜನ ಬಳಸ್ತಾ ಬಳಸ್ತಾ ಒಂದು ಶಕ ನಮ್ಮದಾಯ್ತು. ಇನ್ನೊಂದಕ್ಕೆ ಮಾತ್ರ ಯಾಕೆ ಅಷ್ಟು ಹೆದರಬೇಕು?

ಕೇಂದ್ರ ಸರ್ಕಾರ 1957ರಲ್ಲೇ ಶಕ ವರ್ಷದ ರಾಷ್ಟ್ರೀಯ ಪಂಚಾಂಗ ಜಾರಿಗೆ ತಂತು. ಗೆಜೆಟ್‌ನಲ್ಲಿ ಎರಡೂ ತಾರೀಕು ಅಕ್ಕಪಕ್ಕ ಅಚ್ಚಾಗುತ್ತೆ. ಪಠ್ಯಪುಸ್ತಕ ಬರೆಯೋರೇ, ನೀವೂ ಹಾಗೇ ಮಾಡಿ: ಶಕ 465, ಪಕ್ಕದಲ್ಲಿ ಕ್ರಿ.ಶ. 543. ಮೇಷ್ಟ್ರುಗಳೇ, ಪುಸ್ತಕ ಬರೋವರೆಗೂ ಕಾಯಬೇಡಿ, ಈ ವರ್ಷವೇ ಮಕ್ಕಳನ್ನ ಊರಿನ ಕಲ್ಲಿನ ಹತ್ರ ಕರ್ಕೊಂಡು ಹೋಗಿ ಈ ಲೆಕ್ಕ ಮಾಡೋಕೆ ಹೇಳಿ.