ಒಂದು ಮೇಕೆಯ ಲೆಕ್ಕ

ಕೇಳುಗರೇ, ನಮಸ್ಕಾರ. ಹವಾಮಾನ ಬದಲಾವಣೆ ಅಂದ ಕೂಡಲೇ ವಿಜ್ಞಾನಿಗಳು ನೆನಪಾಗುತ್ತಾರೆ. ಅಲ್ಲಿ ಅರ್ಥಶಾಸ್ತ್ರಜ್ಞರಿಗೇನು ಕೆಲಸ ಅನ್ನಿಸಬಹುದು. ಬಿಸಿಲು ಏರಿದರೆ ಯಾರ ಮನೆಯ ಒಲೆ ಮೊದಲು ಆರುತ್ತದೆ ಅಂತ ಹುಡುಕುವುದೇ ಅವರ ಕೆಲಸ.

ಮೆಲಿಸ್ಸಾ ಡೆಲ್, ಬೆಂಜಮಿನ್ ಜೋನ್ಸ್, ಬೆಂಜಮಿನ್ ಓಲ್ಕೆನ್ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸೆಕೆಯ ದೇಶವನ್ನು ಚಳಿಯ ದೇಶದ ಪಕ್ಕ ಇಟ್ಟು ನೋಡಿದರೆ ಏನೂ ತಿಳಿಯೋದಿಲ್ಲ, ಯಾಕಂದರೆ ಎರಡರ ಚರಿತ್ರೆ, ಆಡಳಿತ ಎಲ್ಲವೂ ಬೇರೆ. ಹಾಗಾಗಿ ಅವರು ಒಂದೇ ದೇಶದ ಬಿಸಿ ವರ್ಷವನ್ನು ಅದೇ ದೇಶದ ಮಾಮೂಲಿ ವರ್ಷದ ಜೊತೆ ಹೋಲಿಸಿದರು. ಬಡ ದೇಶಗಳಲ್ಲಿ 1 ಡಿಗ್ರಿ ಜಾಸ್ತಿಯಾದ ವರ್ಷ ಆರ್ಥಿಕ ಬೆಳವಣಿಗೆ ಸುಮಾರು ಶೇಕಡಾ 1.3 ಅಂಶದಷ್ಟು ಕುಸಿದಿತ್ತು. ಶ್ರೀಮಂತ ದೇಶಗಳಲ್ಲಿ ಅಂಥ ಪೆಟ್ಟು ಸ್ಪಷ್ಟವಾಗಿ ಕಾಣಲಿಲ್ಲ. 1.3 ಸಣ್ಣದು ಅನ್ನಿಸುತ್ತೆ, ಅಲ್ವಾ? ಶೇಕಡಾ 4ರಷ್ಟು ಬೆಳೆಯುವ ದೇಶಕ್ಕೆ ಅದು ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು. ಹೊಡೆತ ಬಿದ್ದದ್ದು ಬೆಳೆಗೆ ಮಾತ್ರ ಅಲ್ಲ, ಕಾರ್ಖಾನೆಗಳ ಉತ್ಪಾದನೆಯೂ ಇಳಿದಿತ್ತು.

ಆದರೆ ನನ್ನನ್ನು ಕಾಡುವುದು ಈ ಸರಾಸರಿಯೊಳಗೆ ಮರೆಯಾಗುವ ಮನೆ. ಬರ ಬಂತು ಅನ್ನಿ. ಮನೆಯಲ್ಲಿ ಕಾಳು ಮುಗಿದಿದೆ, ಹಾಲು ಕೊಡುವ ಮೇಕೆಯನ್ನು ಸಂತೆಗೆ ಹೊಡೆದುಕೊಂಡು ಹೋಗುತ್ತಾರೆ. ಅಲ್ಲಿ ನೋಡಿದರೆ ಸುತ್ತಲ ಊರಿನವರೆಲ್ಲ ಮೇಕೆ ಹಿಡಿದೇ ನಿಂತಿದ್ದಾರೆ, ಕೊಳ್ಳೋರು ಇಲ್ಲ, ಮೇಕೆಯ ಬೆಲೆ ಪಾತಾಳಕ್ಕೆ, ಕಾಳಿನ ಬೆಲೆ ಆಕಾಶಕ್ಕೆ. ಸಿಕ್ಕಷ್ಟಕ್ಕೆ ಕೊಟ್ಟು ಬರುತ್ತಾರೆ. ಮರುವರ್ಷ ಮಳೆ ಚೆನ್ನಾಗಿಯೇ ಆಗುತ್ತೆ, ಆದರೆ ಮಕ್ಕಳಿಗೆ ಹಾಲಿಲ್ಲ, ಬಿತ್ತನೆ ಬೀಜಕ್ಕೆ ಮಾರೋಣ ಅಂದರೆ ಕೊಟ್ಟಿಗೆ ಖಾಲಿ. ಬರ ಹೋದ ಮೇಲೂ ಆ ಮನೆಯಲ್ಲಿ ಬರ ಮುಗಿಯೋದಿಲ್ಲ.

ಈ ನಷ್ಟ ಡಾಲರ್ ಲೆಕ್ಕದಲ್ಲಿ ಎಷ್ಟು? ಸಾಸಿವೆಯಷ್ಟು. 2022ರ ಪಾಕಿಸ್ತಾನದ ಪ್ರವಾಹವನ್ನೇ ನೋಡಿ. ಸುಮಾರು 3.3 ಕೋಟಿ ಜನ ಸಂಕಟಕ್ಕೆ ಸಿಕ್ಕಿದರು. ಹಾನಿ, ನಷ್ಟ ಎರಡೂ ಸೇರಿ 3,000 ಕೋಟಿ ಡಾಲರ್ ದಾಟಿತು ಅಂತ ಅಂದಾಜಾಯಿತು. ಹಂಚಿ ನೋಡಿ, ತಲೆಗೆ 900 ಡಾಲರ್ ಚಿಲ್ಲರೆ. ಇರೋದೇ ಕಮ್ಮಿ ಇದ್ದವರು ಇದ್ದದ್ದನ್ನೆಲ್ಲ ಕಳೆದುಕೊಂಡರೂ ಮೊತ್ತ ಸಣ್ಣದಾಗಿಯೇ ಕಾಣುತ್ತೆ!

ಅದೇ ವರ್ಷ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ನಡೆದ ಹವಾಮಾನ ಸಮಾವೇಶ, ಇಂಥ ನಷ್ಟಕ್ಕಾಗಿ ಒಂದು ನಿಧಿ ಕಟ್ಟಲು ಒಪ್ಪಿತು. ಅದರ ಹಣ ಹಂಚುವ ಮುಂಚೆ ಲೆಕ್ಕ ಹಾಕುವವರು ಎಷ್ಟು ಡಾಲರ್ ಹೋಯಿತು ಅಂತ ಮಾತ್ರ ಕೇಳಬಾರದು. ನಿಮ್ಮಲ್ಲಿ ಏನಿತ್ತು, ಈಗ ಏನು ಉಳಿದಿದೆ, ಮೇಕೆ ಮಾರಿದಿರಾ ಅಂತಲೂ ಕೇಳಬೇಕು.

ನಮಸ್ಕಾರ.