ತೊರೆಯ ಮೀನು ಮತ್ತು ಕಣಿವೆಯ ನೆಲ

ಮಾನ್ಯ ಸಭಿಕರೇ,

ತೊರೆಯೊಂದರಲ್ಲಿ ಮೀನು ಕಡಿಮೆಯಾಗಿದೆ ಎಂಬ ಮಾತು ಕೇಳಿಬಂದಾಗ ನಾವು ಮೊದಲು ನೋಡುವುದು ನೀರನ್ನೇ. ಯಾರಾದರೂ ವಿಷ ಬೆರೆಸಿದರೇ, ಬಲೆಗಳು ಹೆಚ್ಚಾದವೇ, ಮೇಲೆಲ್ಲೋ ಕೊಳಚೆಯ ಕೊಳವೆ ಬಂದು ಸೇರಿತೇ ಎಂದು ವಿಚಾರಿಸುತ್ತೇವೆ. ಹಾಗೆ ವಿಚಾರಿಸುವುದು ಸರಿಯೇ. ಆದರೆ ಅನೇಕ ತೊರೆಗಳ ವಿಷಯದಲ್ಲಿ ಉತ್ತರ ಬೇಕಾದರೆ ದಂಡೆ ಹತ್ತಿ, ಮಳೆನೀರು ಎಲ್ಲಿಂದ ಇಳಿದು ಬರುತ್ತದೆಯೋ ಆ ಇಳಿಜಾರುಗಳನ್ನೂ ಅಲ್ಲಿ ನಡೆಯುವ ಬೇಸಾಯವನ್ನೂ ಕಟ್ಟಡಗಳನ್ನೂ ನೋಡಬೇಕಾಗುತ್ತದೆ. ತೊರೆಯನ್ನು ಅದರ ಕಣಿವೆಯಿಂದ ಬೇರ್ಪಡಿಸಿ ಅರ್ಥಮಾಡಿಕೊಳ್ಳಲು ಆಗದು ಎಂಬ ವಾದವನ್ನು ಜಲಜೀವಿ ವಿಜ್ಞಾನಿ ಎಚ್. ಬಿ. ಎನ್. ಹೈನ್ಸ್ ಅವರು 1975ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸದಲ್ಲಿ ಮುಂದಿಟ್ಟರು. ಆ ನಂತರದ ಅಧ್ಯಯನಗಳು ಈ ವಾದವನ್ನು ಗಟ್ಟಿಗೊಳಿಸುತ್ತಲೇ ಬಂದಿವೆ.

ಮೊದಲು ಮೀನಿನ ನೆಲೆಯ ವಿಚಾರ. ಸಹಜವಾದ ತೊರೆ ಎಲ್ಲ ಕಡೆಯೂ ಒಂದೇ ಸಮನಾಗಿ ಹರಿಯುವುದಿಲ್ಲ. ಒಂದೆಡೆ ಕಲ್ಲುಗಳ ಮೇಲೆ ತೆಳುವಾಗಿ, ನೊರೆಯೆಬ್ಬಿಸುತ್ತ ಓಡುತ್ತದೆ. ಮುಂದಿನ ತಿರುವಿನಲ್ಲಿ ಆಳದ ಮಡುವಾಗಿ ನಿಧಾನಗೊಳ್ಳುತ್ತದೆ. ದಂಡೆಯ ಬೇರುಗಳ ಅಡಿಯಲ್ಲಿ ಮಣ್ಣು ಕೊರೆದು ಕತ್ತಲೆಯ ಪೊಟರೆಗಳನ್ನು ಮಾಡುತ್ತದೆ. ಚಪ್ಪಟೆ ಹೊಟ್ಟೆಯ, ಕಲ್ಲಿಗೆ ಕಚ್ಚಿಕೊಂಡು ನಿಲ್ಲಬಲ್ಲ ಮೀನುಗಳಿಗೆ ಓಡುವ ನೀರು ಒಗ್ಗಿದರೆ, ಅಗಲ ಮೈಯ ಮೀನುಗಳಿಗೆ ಮಡು ಬೇಕು, ಮರಿಗಳಿಗೆ ದಂಡೆಯಂಚಿನ ಮೆಲುನೀರು ಬೇಕು. ಅದೂ ಅಲ್ಲದೆ ಒಂದೇ ಮೀನಿಗೆ ತನ್ನ ಆಯುಷ್ಯದಲ್ಲಿ ಈ ಎಲ್ಲ ತಾಣಗಳೂ ಬೇರೆ ಬೇರೆ ಕಾಲಕ್ಕೆ ಬೇಕಾಗುತ್ತವೆ: ಮೊಟ್ಟೆಯಿಡಲು ಒಂದು, ಮೇಯಲು ಇನ್ನೊಂದು, ಬೇಸಿಗೆ ಕಳೆಯಲು ಮತ್ತೊಂದು. ತೊರೆಯನ್ನು ನೆಟ್ಟಗೆ ಅಗೆದು ಕಾಲುವೆಯಂತೆ ಮಾಡಿದಾಗ ನೀರಿನ ಪ್ರಮಾಣ ಅಷ್ಟೇ ಇರಬಹುದು, ಆದರೆ ಈ ವೈವಿಧ್ಯ ಪೂರ್ತಿಯಾಗಿ ಅಳಿದುಹೋಗುತ್ತದೆ.

ನೆಲದ ಬಳಕೆಯು ಈ ನೆಲೆಯನ್ನು ಕೆಡಿಸುವ ದಾರಿಗಳಲ್ಲಿ ನನಗೆ ಅತ್ಯಂತ ಗಂಭೀರವಾಗಿ ಕಾಣುವುದು ಹೂಳು. ಇಳಿಜಾರನ್ನು ಉಳುಮೆ ಮಾಡಿದಾಗ, ಕಾಡು ಕಡಿದು ದಾರಿ ತೆಗೆದಾಗ, ದನಕರುಗಳು ದಿನವೂ ಒಂದೇ ಕಡೆ ದಂಡೆ ತುಳಿದು ನೀರಿಗಿಳಿದಾಗ ನಯವಾದ ಮಣ್ಣು ತೊರೆಗೆ ಸೇರುತ್ತದೆ. ಅದು ಏನು ಮಾಡುತ್ತದೆಂಬುದನ್ನು ತಿಳಿಯಲು ಟ್ರೌಟ್ ಅಥವಾ ಸಾಲ್ಮನ್ ಮೀನಿನ ಗೂಡನ್ನು ಹತ್ತಿರದಿಂದ ನೋಡಬೇಕು. ಹೆಣ್ಣುಮೀನು ಮೈಯನ್ನು ಓರೆ ಮಾಡಿ ಬಾಲದಿಂದ ತಳವನ್ನು ಬಡಿಬಡಿದು, ಸಣ್ಣ ಕಲ್ಲುಗಳನ್ನು ಸರಿಸಿ ಗುಂಡಿ ತೋಡುತ್ತದೆ. ಅದರಲ್ಲಿ ಮೊಟ್ಟೆಯಿಟ್ಟ ಮೇಲೆ, ನೀರು ಹರಿದುಬರುವ ಕಡೆಗೆ ಗುಂಡಿಯ ತುಸು ಮುಂದೆ ಮತ್ತೆ ಬಡಿದು, ಅಲ್ಲಿಂದ ಎದ್ದ ಕಲ್ಲುಗಳಿಂದ ಮೊಟ್ಟೆಗಳನ್ನು ಮುಚ್ಚುತ್ತದೆ. ಅಲ್ಲಿಂದ ಮುಂದೆ ವಾರಗಟ್ಟಲೆ, ತಣ್ಣೀರಾದರೆ ತಿಂಗಳುಗಟ್ಟಲೆ, ಮೊಟ್ಟೆಗಳ ಜೀವ ಉಳಿಯುವುದು ಕಲ್ಲುಗಳ ಸಂದಿನಲ್ಲಿ ನುಸುಳಿ ಬರುವ ನೀರಿನಿಂದ. ಆ ನೀರೇ ಆಮ್ಲಜನಕವನ್ನು ತಂದುಕೊಡುತ್ತದೆ, ಮೊಟ್ಟೆಗಳ ಕಲ್ಮಶವನ್ನು ಕೊಂಡೊಯ್ಯುತ್ತದೆ. ಹೂಳು ಬಂದು ಸಂದುಗಳನ್ನು ತುಂಬಿದರೆ ಮೊಟ್ಟೆಗಳು ಇದ್ದಲ್ಲೇ ಉಸಿರುಗಟ್ಟುತ್ತವೆ. ಒಡೆದು ಹೊರಬಂದ ಮರಿಗಳಿಗೂ ಮೇಲಕ್ಕೆ ಬರಲು ದಾರಿ ಸಿಗುವುದಿಲ್ಲ. ಮೇಲಿನಿಂದ ನೋಡುವವರಿಗೆ ನೀರು ಆ ಹೊತ್ತಿಗೆ ತಿಳಿಯಾಗಿಯೇ ಕಾಣಬಹುದು, ಮಡುವಿನಲ್ಲಿ ದೊಡ್ಡ ಮೀನುಗಳೂ ಓಡಾಡುತ್ತಿರಬಹುದು. ಹೊಸ ಪೀಳಿಗೆ ಹುಟ್ಟುತ್ತಿಲ್ಲ ಎಂಬುದು ಕೆಲವು ವರ್ಷಗಳ ನಂತರವಷ್ಟೇ ಗೊತ್ತಾಗುತ್ತದೆ.

ಮೀನಿನ ಆಹಾರಕ್ಕೂ ಇದೇ ಗತಿ. ಆರೋಗ್ಯವಾಗಿರುವ ತೊರೆಯಲ್ಲಿ ಅಂಗೈಯಗಲದ ಕಲ್ಲೊಂದನ್ನು ಎತ್ತಿ ತಿರುವಿದರೆ ಅದರ ಅಡಿಯಲ್ಲಿ ಹುಳುಗಳು ಹರಿದಾಡುತ್ತವೆ; ಮರಳಿನ ಕಣಗಳನ್ನು ಅಂಟಿಸಿಕೊಂಡು ಸಣ್ಣ ಕೊಳವೆಯಂಥ ಮನೆ ಮಾಡಿಕೊಂಡಿರುವ ಕೀಟಗಳೂ ಕಾಣುತ್ತವೆ. ಹೂಳಿನಲ್ಲಿ ಅರ್ಧ ಹೂತುಹೋದ ಕಲ್ಲಿಗೆ ಅಡಿಯೆಂಬುದೇ ಇರುವುದಿಲ್ಲ.

ಇನ್ನು ದಂಡೆಯ ಮರಗಳು. ಅವು ಕೊಡುವ ನೆರಳಿನ ಬೆಲೆಯನ್ನು ಆಮ್ಲಜನಕದ ಲೆಕ್ಕದಲ್ಲಿ ಹೇಳಬಹುದು. ಸಮುದ್ರಮಟ್ಟದಲ್ಲಿ 10 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 20 ಡಿಗ್ರಿಗೆ ಅದು ಸುಮಾರು 9ಕ್ಕೂ, 30 ಡಿಗ್ರಿಗೆ ಏಳೂವರೆಗೂ ಇಳಿಯುತ್ತದೆ. ಮೀನು ಶೀತರಕ್ತದ ಜೀವಿಯಾದ್ದರಿಂದ ನೀರು ಬಿಸಿಯಾದಷ್ಟೂ ಅದರ ದೇಹಕ್ಕೆ ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ಬೇಡಿಕೆ ಏರುವ ಹೊತ್ತಿಗೇ ಪೂರೈಕೆ ಇಳಿಯುತ್ತದೆ. ಹೊಲಗಳಿಂದ ಬಂದ ಸಾರಜನಕ ಮತ್ತು ರಂಜಕ ಇದಕ್ಕೆ ಸೇರಿದರೆ, ಬಿಸಿಲಿಗೆ ತೆರೆದುಕೊಂಡ ತೊರೆಯಲ್ಲಿ ಪಾಚಿ ದಟ್ಟವಾಗಿ ಬೆಳೆಯುತ್ತದೆ. ಹಗಲಿನಲ್ಲಿ ಆಮ್ಲಜನಕ ಬಿಡುವ ಪಾಚಿಯೂ ರಾತ್ರಿಯಿಡೀ ಅದನ್ನೇ ಉಸಿರಾಡುವುದರಿಂದ ಮೀನಿಗೆ ಅತಿ ಕಷ್ಟದ ಗಳಿಗೆ ಬೆಳಗಿನ ಜಾವದಲ್ಲಿ ಬರುತ್ತದೆ. ನಡುಹಗಲಿನಲ್ಲಿ ಮಾತ್ರ ನೀರಿನ ಮಾದರಿ ತೆಗೆದುಕೊಳ್ಳುವವರಿಗೆ ಈ ಸಂಕಟ ಕಾಣುವುದೇ ಇಲ್ಲ.

ಮರಗಳು ಮೀನಿಗೆ ಊಟವನ್ನೂ ಕೊಡುತ್ತವೆ. ಉದುರಿದ ಎಲೆಗಳನ್ನು ತಿಂದು ಬೆಳೆಯುವ ಕೀಟಗಳು ಮೀನಿಗೆ ಆಹಾರವಾಗುತ್ತವೆ ಎಂಬುದು ಬಹುಕಾಲದಿಂದ ತಿಳಿದ ಸಂಗತಿ. ಜಪಾನಿನ ಹೊಕ್ಕೈಡೊ ದ್ವೀಪದಲ್ಲಿ ಶಿಗೆರು ನಕಾನೊ ಮತ್ತು ಮಸಾಶಿ ಮುರಕಾಮಿ ಅವರು ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಾಡಿನ ನಡುವಿನ ಆ ತೊರೆಯಲ್ಲಿ, ಮೀನುಗಳ ವಾರ್ಷಿಕ ಆಹಾರದ ಶಕ್ತಿಯಲ್ಲಿ ಶೇಕಡಾ 44ರಷ್ಟು ಮರಗಿಡಗಳಿಂದ ನೀರಿಗೆ ಬೀಳುವ ನೆಲದ ಕೀಟಗಳಿಂದ ಬರುತ್ತಿತ್ತು. ದಂಡೆಯ ಮರ ಕಡಿಯುವುದೆಂದರೆ ಮೀನಿನ ಊಟದ ಹೆಚ್ಚುಕಡಿಮೆ ಅರ್ಧ ಪಾಲನ್ನು ಕಸಿದುಕೊಂಡಂತೆ ಎಂದು ಅಂಥ ತೊರೆಯ ಬಗ್ಗೆ ಧೈರ್ಯವಾಗಿ ಹೇಳಬಹುದು. ಮುರಿದು ಅಡ್ಡಬಿದ್ದ ದಿಮ್ಮಿಗಳಿಗೂ ಇಲ್ಲಿ ಕೆಲಸವಿದೆ. ಅವುಗಳ ಸುತ್ತ ನೀರು ತಳ ಕೊರೆದು ಮಡುಗಳನ್ನು ಮಾಡುತ್ತದೆ. ಚೊಕ್ಕಟ ಮಾಡುವ ಹೆಸರಿನಲ್ಲಿ ಅವನ್ನು ಎಳೆದುಹಾಕುವುದು ನನಗೆ ತೀರಾ ನೋವಿನ ವಿಷಯ.

ಬೇಸಾಯ ಮತ್ತು ನಗರ ಎರಡೂ ತೊರೆಯನ್ನು ಬಾಧಿಸುತ್ತವೆ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ತೊರೆಗಳ ಬಗ್ಗೆ 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜಲಾನಯನದ ಸುಮಾರು ಅರ್ಧದಷ್ಟು ನೆಲ ಬೇಸಾಯಕ್ಕೆ ಒಳಪಡುವವರೆಗೂ ಮೀನುಸಮುದಾಯದ ಕುಸಿತ ಎದ್ದು ಕಾಣಲಿಲ್ಲ. ಆದರೆ ನಗರದ ಪಾಲು ಶೇಕಡಾ 20 ದಾಟಿದ ಕಡೆಗಳಲ್ಲೆಲ್ಲ ಸ್ಥಿತಿ ತಪ್ಪದೆ ಹದಗೆಟ್ಟಿತ್ತು. ಕಾರಣ ಸ್ಪಷ್ಟವಾಗಿದೆ. ಡಾಂಬರು, ಕಾಂಕ್ರೀಟು, ಚಾವಣಿಗಳ ಮೇಲೆ ಬಿದ್ದ ಮಳೆ ನೆಲಕ್ಕೆ ಇಂಗದೆ, ಬಿಸಿಯನ್ನೂ ಎಣ್ಣೆಯನ್ನೂ ಹೊತ್ತು ಚರಂಡಿಯ ಮೂಲಕ ಒಮ್ಮೆಲೇ ತೊರೆಗೆ ನುಗ್ಗುತ್ತದೆ. ಮಳೆ ನಿಂತ ಮೇಲೆ, ಇಂಗಿದ ನೀರು ಒಸರಿ ಬರಬೇಕಾದ ಕಾಲದಲ್ಲಿ, ತೊರೆ ಸೊರಗುತ್ತದೆ. ಸಿಯಾಟಲ್ ಸುತ್ತಲಿನ ತೊರೆಗಳಲ್ಲಿ ಮೊಟ್ಟೆಯಿಡಲು ಬಂದ ಕೋಹೋ ಸಾಲ್ಮನ್‌ಗಳು ಮಳೆಯ ನಂತರ ಸಾಯುತ್ತಿದ್ದ ಬಗೆ ಬಹುಕಾಲ ಬಿಡಿಸಲಾಗದ ಒಗಟಾಗಿತ್ತು. ವಾಹನಗಳ ಟೈರಿನಲ್ಲಿ ಬಳಸುವ ರಾಸಾಯನಿಕವೊಂದು ಓಜೋನ್ ಜೊತೆ ವರ್ತಿಸಿ ಉಂಟಾಗುವ 6ಪಿಪಿಡಿ-ಕ್ವಿನೋನ್ ಎಂಬ ವಸ್ತುವೇ ಅದಕ್ಕೆ ಕಾರಣವೆಂದು 2020ರಲ್ಲಿ ಗೊತ್ತಾಯಿತು. ಆ ತೊರೆಗಳಿಗೆ ಯಾರೂ ಬೇಕೆಂದು ವಿಷ ಸುರಿದಿರಲಿಲ್ಲ. ರಸ್ತೆಯ ಮೇಲೆ ಸವೆದ ಟೈರಿನ ಪುಡಿ ಮಳೆನೀರಿನೊಡನೆ ಹರಿದುಬಂದಿತ್ತು, ಅಷ್ಟೇ.

ಇಲ್ಲೊಂದು ಎಚ್ಚರಿಕೆಯ ಮಾತು ಹೇಳಬೇಕು. ಮೀನಿನ ಜಾತಿಗಳನ್ನು ಎಣಿಸಿದ ಮಾತ್ರಕ್ಕೆ ತೊರೆಯ ಆರೋಗ್ಯ ತಿಳಿಯುವುದಿಲ್ಲ. ತಂಪಾದ ಮೇಲ್ತೊರೆಯಲ್ಲಿ ಸಹಜವಾಗಿಯೇ ಕೆಲವೇ ಜಾತಿಗಳಿರುತ್ತವೆ. ನೆರಳು ಹೋಗಿ ನೀರು ಬೆಚ್ಚಗಾದಾಗ ಎಲ್ಲಿಯಾದರೂ ಬದುಕಬಲ್ಲ ಕೆಳಗಿನ ಮೀನುಗಳು ಮೇಲೇರಿ ಬಂದು ಸಂಖ್ಯೆಯನ್ನು ಹೆಚ್ಚಿಸಬಹುದು. ಜೇಮ್ಸ್ ಕಾರ್ ಅವರು 1981ರಲ್ಲಿ ರೂಪಿಸಿದ ಸೂಚ್ಯಂಕವು ಜಾತಿಗಳ ಸಂಖ್ಯೆಯ ಜೊತೆಗೆ ಯಾವ ಮೀನು ಏನು ತಿನ್ನುತ್ತದೆ, ಯಾವುದು ಮಾಲಿನ್ಯವನ್ನು ತಾಳಲಾರದು, ಎಷ್ಟು ಮೀನುಗಳಿಗೆ ರೋಗವಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು ಈ ಕಾರಣಕ್ಕಾಗಿಯೇ.

ಹಾಳಾದದ್ದು ಬೇಗ ಸರಿಹೋಗುತ್ತದೆಯೇ? ಉತ್ತರ ಕೆರೊಲಿನಾದ ಪಶ್ಚಿಮ ಭಾಗದ ತೊರೆಗಳನ್ನು ಪರಿಶೀಲಿಸಿ 1998ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಇಂದಿನ ಮೀನು ಮತ್ತು ಕೀಟಗಳ ವೈವಿಧ್ಯವನ್ನು ಎಲ್ಲಕ್ಕಿಂತ ಚೆನ್ನಾಗಿ ಸೂಚಿಸಿದ್ದು 1950ರ ದಶಕದಲ್ಲಿ ಆ ಜಲಾನಯನದಲ್ಲಿದ್ದ ನೆಲದ ಬಳಕೆ. ದಂಡೆಗೆ ಮರಗಳು ಮರಳಿ ಬಂದಿದ್ದರೂ ತೊರೆಯೊಳಗಿನ ಜೀವಸಮುದಾಯ ಹಳೆಯ ಬೇಸಾಯದ ಗುರುತನ್ನು ಹೊತ್ತುಕೊಂಡೇ ಇತ್ತು. ಹಾಗಾಗಿ ದಂಡೆಯ ಉದ್ದಕ್ಕೂ ಗಿಡ ನೆಟ್ಟರೆ ಸಾಕು ಎಂಬ ಭರವಸೆಯನ್ನು ನಾನು ಪೂರ್ತಿ ಒಪ್ಪಲಾರೆ. ಮರಗಳ ಪಟ್ಟಿ ಖಂಡಿತ ಬೇಕು. 30 ಮೀಟರಿಗೆ ಕಡಿಮೆಯಿಲ್ಲದಷ್ಟು ಅಗಲ ಬೇಕೆಂಬ ಶಿಫಾರಸಿಗೆ ಒಳ್ಳೆಯ ಆಧಾರವಿದೆ. ಆದರೆ ಹೊಲದ ಅಡಿಯಲ್ಲಿ ಹೂತ ಬಸಿಗೊಳವೆಯೋ ನಗರದ ಚರಂಡಿಯೋ ಆ ಪಟ್ಟಿಯನ್ನು ದಾಟಿ ನೇರವಾಗಿ ತೊರೆಗೆ ತೆರೆದುಕೊಂಡರೆ, ಬೇರುಗಳಿಗೆ ಆ ನೀರನ್ನು ಸೋಸುವ ಅವಕಾಶವೇ ಸಿಗುವುದಿಲ್ಲ.

ಮೀನು ಮರಳಿ ಬರಬೇಕಾದರೆ ಬರುವ ದಾರಿಯೂ ತೆರೆದಿರಬೇಕು. ರಸ್ತೆಯ ಕೆಳಗಿನ ಮೋರಿಯ ಬಾಯಿ ತಳಕ್ಕಿಂತ ಒಂದೆರಡು ಅಡಿ ಮೇಲೆ ನೇತಾಡುತ್ತಿದ್ದರೆ, ಅಥವಾ ಅದರೊಳಗಿನ ನೀರು ತಂಗಲು ಒಂದು ಕಲ್ಲೂ ಇಲ್ಲದೆ ರಭಸವಾಗಿ ಹರಿಯುತ್ತಿದ್ದರೆ, ಸಣ್ಣ ಮೀನು ಹತ್ತಲಾರದು. ಮೇಲಿನ ತೊರೆ ಎಷ್ಟು ಸುಧಾರಿಸಿದರೂ ಬರಿದಾಗಿಯೇ ಉಳಿಯುತ್ತದೆ. ಆದ್ದರಿಂದ ಪುನಶ್ಚೇತನದ ಕೆಲಸ ಕೈಗೆತ್ತಿಕೊಳ್ಳುವವರು ಮೀನು ಇನ್ನೂ ಉಳಿದಿರುವ ತುಣುಕುಗಳನ್ನು ಮೊದಲು ಗುರುತಿಸಿ, ಅಲ್ಲಿಂದ ಮೇಲಕ್ಕೆ ಮೋರಿಗಳನ್ನು ಒಂದೊಂದಾಗಿ ಸರಿಪಡಿಸುತ್ತ ಹೋಗಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ನಕ್ಷೆಯಲ್ಲಿ ಗೆರೆಯಾಗಿಯೂ ಕಾಣದ ಮೇಲ್ಗಡೆಯ ಸಣ್ಣ ಹಳ್ಳಗಳನ್ನು ಈ ಲೆಕ್ಕದಿಂದ ಬಿಡಬಾರದು. ತೊರೆಜಾಲದ ಒಟ್ಟು ಉದ್ದದಲ್ಲಿ ದೊಡ್ಡ ಪಾಲು ಅವುಗಳದೇ, ಮತ್ತು ಕೆಳಗಿನ ಮೀನಿಗೆ ತಣ್ಣೀರೂ ಕೀಟಗಳೂ ಹರಿದುಬರುವುದು ಅಲ್ಲಿಂದಲೇ.