ಕಲ್ಲಿನ ಬಾಯಿಂದ ಸುರಿಯೋ ನೀರು

ಎಲ್ರಿಗೂ ನಮಸ್ಕಾರ. ನಮ್ಮ ಕಡೆಯಿಂದ ನೇಪಾಳ ಯಾತ್ರೆ ಮಾಡಿದೋರು ಈಗ ಬೇಕಾದಷ್ಟು ಜನ ಇದಾರೆ, ಪಶುಪತಿನಾಥನ ಪೂಜೆ ಮಾಡೋ ಭಟ್ಟರಲ್ಲೂ ಕರ್ನಾಟಕದೋರು ಇದಾರಲ್ಲ, ಬಂದೋರೆಲ್ಲ ಮುಕ್ತಿನಾಥದ 108 ಧಾರೆ ಕೆಳಗೆ ಗಡಗಡ ನಡುಗಿದ ಕತೇನೇ ಹೇಳ್ತಾರೆ. ನಾನು ಇವತ್ತು ಹೇಳೋದು ದಿನಾ ಕೊಡ ಹಿಡ್ಕೊಂಡು ಹೋಗೋ ಧಾರೆಗಳ ವಿಚಾರ.

ಕಠ್ಮಂಡು ಕಣಿವೇಲಿ ನೇವಾರ ಜನ ಇದನ್ನ ಹಿತಿ ಅಂತಾರೆ. ನೆಲಮಟ್ಟಕ್ಕಿಂತ ಕೆಳಗೆ ಕಟ್ಟಿದ ಗುಂಡಿ, ನಮ್ಮ ಕಲ್ಯಾಣಿ ಥರ ಮೆಟ್ಟಿಲಿಳಿದು ಹೋಗ್ಬೇಕು, ಆದ್ರೆ ನೀರು ನಿಂತಿರಲ್ಲ, ಗೋಡೆಯಿಂದ ಚಾಚಿರೋ ಕಲ್ಲಿನ ಮಕರದ ಬಾಯಿಂದ ಸುರೀತಾ ಇರತ್ತೆ, ಎಷ್ಟೋ ಕಡೆ ಅದರ ಕೆಳಗೆ ಭಗೀರಥನನ್ನೂ ಕೆತ್ತಿರ್ತಾರೆ. ಅದೇ ಕಣಿವೇಲಿರೋ ಪಾಟನ್ ಊರಿನ ಅರಮನೆ ಪಕ್ಕದ ಮಂಗ ಹಿತಿ ಕ್ರಿ.ಶ. 570ರದ್ದು. ನೀರು ತುಂಬ್ಕೊಳ್ಳೋದು, ಸ್ನಾನ, ಬಟ್ಟೆ ಒಗೆಯೋದು, ದೇವರಿಗೆ ನೀರು, ಊರ ಸುದ್ದಿ, ಎಲ್ಲಾ ಅಲ್ಲೇ.

ನಂಗೆ ಮಾತ್ರ ಆ ಕೆತ್ತನೆಗಿಂತ ಗೋಡೆ ಹಿಂದೆ ಇರೋದೇ ದೊಡ್ಡದು ಅನ್ಸತ್ತೆ. ಬೆಟ್ಟದ ಬುಡದಿಂದ ರಾಜಕುಲೋ ಅನ್ನೋ ಕಾಲುವೆ, ಅದು ಬಂದು ಊರ ಕೆರೆ ತುಂಬ್ಸೋದು, ಕೆರೆ ನೀರು ನೆಲಕ್ಕಿಂಗಿ ಮರಳು ಜಲ್ಲಿಯಲ್ಲಿ ಸೋಸ್ಕೊಂಡು ಧಾರೆಗೆ ಬರೋದು. ಇದನ್ನ ನೋಡ್ಕೊಳ್ಳೋಕೆ ಗುಠಿ ಅಂತ ಜನರದ್ದೇ ಕೂಟ, ಖರ್ಚಿಗೆ ದತ್ತಿ ಜಮೀನು. ಜ್ಯೇಷ್ಠ ಶುದ್ಧ ಷಷ್ಠಿ ದಿನ, ಅಂದ್ರೆ ಮಳೆಗಾಲಕ್ಕೆ ಮುಂಚೆ, ಸಿಠಿ ನಖಃ ಹಬ್ಬ, ಅವತ್ತು ನಾಗಗಳು ಮನೇಲಿರಲ್ವಂತೆ, ಅದಕ್ಕೇ ಬಾವಿಗೆ ಧಾರೆಗೆ ಇಳಿದು ಹೂಳು ತೆಗೀಬಹುದು ಅಂತ ನಂಬಿಕೆ! ನೀರು ತೀರಾ ತಳ ಸೇರಿರೋ ಕಾಲ ಬೇರೆ, ಇಳಿಯೋಕೆ ಅದಕ್ಕಿಂತ ಒಳ್ಳೆ ದಿನ ಯಾವುದಿದೆ ಹೇಳಿ.

ಆಮೇಲೆ ಮನೆಮನೆಗೆ ನಲ್ಲಿ ಬಂತು, 1964ರಲ್ಲಿ ಗುಠಿ ಸಂಸ್ಥಾನ ಅಂತ ಒಂದು ಸರ್ಕಾರಿ ಸಂಸ್ಥೆ ಮಾಡಿ ಎಷ್ಟೋ ಗುಠಿ ಜಮೀನನ್ನ ಸರ್ಕಾರ ತನ್ನ ಕೈಗೆ ತಗೊಂಡ್ತು, ಕೆರೆ ಮುಚ್ಚಿ ಬಿಲ್ಡಿಂಗ್ ಎದ್ವು, ಪಾಯ ತೋಡುವಾಗ ಒಳಗಿನ ಕಾಲುವೆಗಳೇ ತುಂಡಾದ್ವು. ಮಕರ ಹಾಗೇ ಇದೆ, ಬಾಯಿ ಒಣಗಿದೆ. ಹೊರಗಿಂದ ನೋಡಿ ಹೆರಿಟೇಜ್ ಅಂತ ಫೋಟೋ ಹೊಡ್ಕೊಂಡು ಬರೋರಿಗೆ ಇದು ಗೊತ್ತೇ ಆಗಲ್ಲ.

ಎಲ್ಲಾ ಕಡೆ ಹೀಗೇ ಅಂತಲ್ಲ. ಪಾಟನ್‌ನ ಆಲ್ಕೋ ಹಿತಿ ಹತ್ರ ಓಣಿಯವರೇ ಸೇರಿ, ಸುಮ್ನೆ ಹರಿದುಹೋಗ್ತಿದ್ದ ನೀರನ್ನ ಟ್ಯಾಂಕಿಗೆ ಹಿಡಿದು ಪೈಪ್ ಹಾಕಿ ಸುತ್ತಲ ಮನೆಗಳಿಗೆ ಕೊಡ್ತಿದಾರೆ, ಧಾರೆ ಶುಚಿ ಮಾಡೋ ಕೆಲ್ಸಾನೂ ಅವರದ್ದೇ.